ಬೇಸಿಗೆಯಲ್ಲಷ್ಟೇ ಹೊರಡುವ ಹಡಗು

ಎಳ್ಳ ಅಮಾವಾಸ್ಯೆಯ ದಿನ ಕಲಬುರಗಿಯ ಪೇಟೆ ಅರ್ಧ ಮುಚ್ಚಿರುತ್ತದೆ. ಹೊಲ ಇದ್ದವರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿರುತ್ತಾರೆ, ಇಲ್ಲದವರು ಇದ್ದವರ ಬೆನ್ನು ಹತ್ತಿರುತ್ತಾರೆ. ನಾನು ಎರಡನೆಯ ಗುಂಪಿನವನು. ಕಳೆದ ಸಲ ಜೇವರ್ಗಿ ಕಡೆಯ ಹೊಲವೊಂದಕ್ಕೆ ಕರೆ ಬಂದಿತ್ತು. ಕರೆದವಳು ಪಿಯುಸಿಯಲ್ಲಿ ನನ್ನ ಹತ್ತಿರ ಜೀವಶಾಸ್ತ್ರ ಕಲಿತ ಹುಡುಗಿ. ಈಗ ಗೋವಾದಲ್ಲಿ ಕಡಲ ಸೂಕ್ಷ್ಮಜೀವಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದಾಳೆ. ಅವಳ ಅಪ್ಪ ತೊಗರಿ ಸಾಲುಗಳ ನಡುವೆ ಚರಗ ಚೆಲ್ಲಿ ಬಂದರು. ಅವ್ವ ಸಜ್ಜೆ ರೊಟ್ಟಿಯ ಮೇಲೆ ಭಜ್ಜಿ ಬಡಿಸಿದರು. ಊಟವಾಗಿ ಎಲ್ಲರೂ ಬೇವಿನ ನೆರಳಿನಲ್ಲಿ ಮೈಚಾಚಿದ ಮೇಲೆ ಅವಳು ಚೀಲದಿಂದ ನಾಲ್ಕು ಮಡಿಕೆಯ ದೊಡ್ಡ ಹಾಳೆಯೊಂದನ್ನು ತೆಗೆದು ಕಂಬಳಿಯ ಮೇಲೆ ಹಾಸಿದಳು. ಗಾಳಿಗೆ ಹಾರದಂತೆ ಒಂದು ಮೂಲೆಗೆ ತಂಬಿಗೆ, ಇನ್ನೊಂದಕ್ಕೆ ಕಡಬಿನ ಡಬ್ಬಿ ಇಟ್ಟಳು.

ಅದು ಅಂಟಾರ್ಕ್ಟಿಕಾದ ಸುತ್ತಲಿನ ಕಡಲಿಗೆ ಹೋಗುವ ಸಂಶೋಧನಾ ಯಾನವೊಂದರ ಕರಡು. ಇನ್ನೂ ಯಾವ ಕಚೇರಿಯ ಮೇಜನ್ನೂ ಕಂಡಿಲ್ಲ. ಅಡ್ಡಕ್ಕೆ ದಿನಗಳು, ಉದ್ದಕ್ಕೆ ಕೆಲಸಗಳು, ನಡುವೆಲ್ಲ ಪೆನ್ಸಿಲ್ಲಿನ ಗೀಚು. ಎಲ್ಲಕ್ಕಿಂತ ಮೇಲೆ ‘ತಿಂಗಳು’ ಎಂಬ ಒಂದು ಚೌಕ. ಅಲ್ಲಿ ‘ಜನವರಿ’ ಎಂದು ಬರೆದು ಹೊಡೆದುಹಾಕಿದ್ದಳು. ಕೆಳಗೆ ‘ಮಾರ್ಚ್’ ಎಂದು ಬರೆದು ಅದನ್ನೂ ಹೊಡೆದುಹಾಕಿದ್ದಳು. “ಸರ್, ಇದೊಂದು ಚೌಕ ತುಂಬಿದರೆ ಉಳಿದದ್ದೆಲ್ಲ ತಾನಾಗಿ ತುಂಬುತ್ತದೆ. ಇದೇ ತುಂಬುತ್ತಿಲ್ಲ” ಎಂದಳು.

ನನಗೆ ಅದು ಗುಮಾಸ್ತರ ಮಟ್ಟದ ತೊಡಕಿನಂತೆ ಕಂಡಿತು. ಹಡಗು ಯಾವಾಗ ಸಿಗುತ್ತದೆಯೋ ಆಗ ಹೋದರಾಯಿತಲ್ಲ ಎಂದೆ. ಅವಳು ನಕ್ಕಳು. ಆಮೇಲೆ ಮನೆಗೆ ಬಂದು ಓದುತ್ತಾ ಹೋದಂತೆ ಆ ನಗೆಯ ಅರ್ಥ ಹೊಳೆಯಿತು. ಅವಳು ಹುಡುಕಿಕೊಂಡು ಹೊರಟಿರುವ ಜೀವಿ ಋತುವಿಗೊಂದು ಕಸುಬು ಮಾಡುವಂಥದ್ದು. ನಾವು ಹೋದ ತಿಂಗಳಿನಲ್ಲಿ ಕಂಡದ್ದೇ ಅದರ ವರ್ಷವಿಡೀ ಕಸುಬು ಎಂದು ಬರೆದುಕೊಂಡು ಬರುವ ಅಪಾಯವಿದೆ.

ಗಿಡವೋ, ಬೇಟೆಗಾರನೋ

ಕಡಲಿನ ಮೇಲ್ಪದರದಲ್ಲಿ ತೇಲುವ, ಬರಿಗಣ್ಣಿಗೆ ಕಾಣದ ಹಸಿರು ಜೀವಿಗಳಿಗೆ ಸಸ್ಯಪ್ಲವಕ ಎಂದು ಹೆಸರು. ಭೂಮಿಯ ಮೇಲೆ ವರ್ಷವಿಡೀ ನಡೆಯುವ ದ್ಯುತಿಸಂಶ್ಲೇಷಣೆಯಲ್ಲಿ ಸರಿಸುಮಾರು ಅರ್ಧ ಇವುಗಳ ಪಾಲು. ಕಾಡು, ಹೊಲ, ಹುಲ್ಲುಗಾವಲು ಎಲ್ಲ ಸೇರಿ ಇನ್ನರ್ಧ. ಇವನ್ನು ಪ್ರಾಣಿಪ್ಲವಕ ತಿನ್ನುತ್ತದೆ, ಅದನ್ನು ಮೀನು ತಿನ್ನುತ್ತದೆ ಎಂಬ ಸರಪಳಿ ಶಾಲೆಯ ಗೋಡೆಯ ಚಿತ್ರಪಟದಲ್ಲೂ ಇದೆ. ಆ ಚಿತ್ರಪಟದಲ್ಲಿ ಜಾಗ ಸಿಗದೇ ಹೋದದ್ದು ಮಿಶ್ರಪೋಷಕ. ಬಿಸಿಲಿನಲ್ಲಿ ತನ್ನ ಅನ್ನವನ್ನು ತಾನೇ ಬೇಯಿಸಿಕೊಳ್ಳುತ್ತಾ, ಪಕ್ಕದಲ್ಲಿ ಸುಳಿದ ಬ್ಯಾಕ್ಟೀರಿಯಾವನ್ನು ಹಿಡಿದು ನುಂಗುವ ಏಕಕೋಶ ಜೀವಿ ಅದು.

ಪಿಯುಸಿ ಮೊದಲ ವರ್ಷದ ಪುಸ್ತಕದಲ್ಲಿ ಯೂಗ್ಲೀನಾದ ಬಗ್ಗೆ ಒಂದು ವಾಕ್ಯ ಬರುತ್ತದೆ: ಬಿಸಿಲಿದ್ದರೆ ಸ್ವಪೋಷಕ, ಬಿಸಿಲು ತಪ್ಪಿದರೆ ಸಣ್ಣ ಜೀವಿಗಳನ್ನು ತಿನ್ನುವ ಪರಪೋಷಕ. ನಾನು ಅದನ್ನು ಪ್ರತಿ ವರ್ಷ ಒಂದೇ ಉಸಿರಿನಲ್ಲಿ ಹೇಳಿ ಮುಂದಿನ ಗುಂಪಿಗೆ ದಾಟುತ್ತಿದ್ದೆ. ಪರೀಕ್ಷೆಯಲ್ಲಿ ಅದಕ್ಕೆ ಒಂದು ಅಂಕಕ್ಕಿಂತ ಹೆಚ್ಚು ಇರುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಆ ಉದಾಹರಣೆಯೂ ಅಷ್ಟು ಸರಿಯಾದದ್ದಲ್ಲ. ನಾವು ಪ್ರಯೋಗಾಲಯದಲ್ಲಿ ಕಾಣುವ ಯೂಗ್ಲೀನಾ ಕತ್ತಲೆಯಲ್ಲಿ ಹೆಚ್ಚಾಗಿ ನೀರಿನಲ್ಲಿ ಕರಗಿದ ಆಹಾರವನ್ನು ಹೀರಿಕೊಂಡು ಬದುಕುತ್ತದೆ, ಬಾಯಿಗೆ ಹಾಕಿಕೊಂಡು ನುಂಗುವುದಿಲ್ಲ. ನುಂಗುವ ಕೆಲಸಕ್ಕೆ ಬೇರೆಯವರೇ ಇದ್ದಾರೆ: ಓಕ್ರೋಮೊನಾಸ್, ಡೈನೋಬ್ರಿಯಾನ್, ಪಿರಮಿಮೊನಾಸ್, ಕ್ರಿಪ್ಟೋಫೈಟ್‌ಗಳು, ಡೈನೋಫ್ಲಾಜೆಲೇಟ್‌ಗಳಲ್ಲಿ ಬಹಳಷ್ಟು. ಗಾಜಿನಂಥ ಸಿಲಿಕಾ ಪೆಟ್ಟಿಗೆಯೊಳಗೆ ಕೂತ ಡಯಾಟಮ್‌ಗಳಿಗೆ ಮಾತ್ರ ಈ ಭಾಗ್ಯವಿಲ್ಲ, ಪೆಟ್ಟಿಗೆಗೆ ಬಾಯಿಲ್ಲ.

ಇವುಗಳಲ್ಲಿ ಕಳ್ಳರೂ ಇದ್ದಾರೆ. ಅಂಟಾರ್ಕ್ಟಿಕಾದ ರಾಸ್ ಸಮುದ್ರದ ಒಂದು ಡೈನೋಫ್ಲಾಜೆಲೇಟ್‌ಗೆ ಬಿಸಿಲಿನಿಂದ ಅನ್ನ ಬೇಯಿಸುವ ಹಸಿರು ಕಣ, ಅಂದರೆ ಕ್ಲೋರೋಪ್ಲಾಸ್ಟ್, ಸ್ವಂತದ್ದಿಲ್ಲ. ಅದು ಫಿಯೋಸಿಸ್ಟಿಸ್ ಎಂಬ ಪಾಚಿಯನ್ನು ಹಿಡಿದು, ಉಳಿದದ್ದನ್ನು ಅರಗಿಸಿಕೊಂಡು, ಕ್ಲೋರೋಪ್ಲಾಸ್ಟ್‌ಗಳನ್ನು ಮಾತ್ರ ಕೆಡದಂತೆ ತನ್ನೊಳಗೆ ಇಟ್ಟುಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ಹೊಸ ಕಳವಿಗೆ ಅವಕಾಶ ಕೊಡದೆ ಇಟ್ಟಾಗಲೂ ಕದ್ದ ಮಾಲನ್ನು ಎರಡು ವರ್ಷಕ್ಕೂ ಹೆಚ್ಚು ಕಾಲ ಉಳಿಸಿಕೊಂಡದ್ದು ದಾಖಲಾಗಿದೆ.

ಇದನ್ನೆಲ್ಲ ಅವಳ ಅಪ್ಪನಿಗೆ ತಿಳಿಯುವ ಹಾಗೆ ಹೇಳಲು ನಾನು ಪರದಾಡುತ್ತಿದ್ದೆ. ಅವರೇ ಕೇಳಿದರು: “ಅಂದರೆ ನಮ್ಮ ಬದುವಿನಾಚೆಯ ತಾಂಡಾದವರ ಹಾಗೆ?” ಮೊದಲು ನನಗೆ ತಿಳಿಯಲಿಲ್ಲ. ಅವರು ಬಿಡಿಸಿ ಹೇಳಿದರು. ಮಿರಗದ ಮಳೆಗೆ ಊರಲ್ಲಿದ್ದು ಹೆಸರು, ತೊಗರಿ ಬಿತ್ತುತ್ತಾರೆ. ರಾಶಿಯಾದ ಮೇಲೆ ಮನೆಗೆ ಬೀಗ ಹಾಕಿ ಗುಳೆ ಹೋಗುತ್ತಾರೆ. ಪುಣೆ, ಮುಂಬೈ, ಬೆಂಗಳೂರಿನ ಕಟ್ಟಡ ಕೆಲಸ. ಮಳೆ ಬೀಳುವ ಹೊತ್ತಿಗೆ ವಾಪಸ್. ಅವರು ಒಕ್ಕಲಿಗರೋ ಕೂಲಿಕಾರರೋ ಎಂದು ಕೇಳಿದರೆ ಏನು ಹೇಳುವುದು?

ಹೌದು, ಅದೇ ತೊಡಕು. ಜನಗಣತಿಯಲ್ಲಿ ಸಾಗುವಳಿದಾರ ಒಂದು ವರ್ಗ, ಕೃಷಿ ಕೂಲಿಕಾರ ಇನ್ನೊಂದು, ‘ಇತರೆ’ ಮತ್ತೊಂದು. ಮುಂದಿನ ಜನಗಣತಿಯ ತಲೆ ಎಣಿಕೆ 2027ರ ಫೆಬ್ರುವರಿಗೆ ನಿಗದಿಯಾಗಿದೆ. ಯಾದಗಿರಿ, ಕಲಬುರಗಿಯ ಎಷ್ಟೋ ತಾಂಡಾಗಳಲ್ಲಿ ಬಾಗಿಲಿಗೆ ಬೀಗ ಬಿದ್ದಿರುವ ತಿಂಗಳು ಅದು. ಅದೇ ಎಣಿಕೆದಾರ ಜುಲೈನಲ್ಲಿ ಬಂದರೆ ಅದೇ ಓಣಿ ಅಪ್ಪಟ ರೈತರ ಓಣಿಯಾಗಿ ಕಾಣುತ್ತದೆ. ಕಡಲ ವಿಜ್ಞಾನದ ಲೆಕ್ಕದ ಪುಸ್ತಕದಲ್ಲೂ ಬಹುಕಾಲ ಎರಡೇ ಕಾಲಂ ಇದ್ದವು: ಬೆಳೆಯುವವರು, ತಿನ್ನುವವರು. ಇಂಗಾಲ ಎಷ್ಟು ಕಡಲಾಳಕ್ಕೆ ಇಳಿಯುತ್ತದೆ ಎಂದು ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಗಳೂ ಈ ಎರಡು ಕಾಲಮಿನ ಮೇಲೆಯೇ ನಿಂತಿದ್ದವು. 2008ರಲ್ಲಿ ಉತ್ತರ ಅಟ್ಲಾಂಟಿಕ್‌ನಿಂದ ಬಂದ ಒಂದು ಅಧ್ಯಯನ ಈ ಪುಸ್ತಕವನ್ನು ಅಲುಗಾಡಿಸಿತು. ಬೇಸಿಗೆಯಲ್ಲಿ ಬಿಸಿಲು ಬೀಳುವ ಪದರದಲ್ಲಿ ಬ್ಯಾಕ್ಟೀರಿಯಾ ಭಕ್ಷಣೆಯ ಶೇ 40ರಿಂದ 95ರಷ್ಟು ಪಾಲು ಅತಿ ಚಿಕ್ಕ ಪಾಚಿಗಳದ್ದು ಎಂದು ಅದು ಅಳೆದು ತೋರಿಸಿತು. ‘ಬೆಳೆಯುವವರು’ ಎಂಬ ಕಾಲಮಿನಲ್ಲಿ ಬರೆದಿದ್ದವರೇ ದೊಡ್ಡ ತಿನ್ನುವವರು! 2016ರಲ್ಲಿ ಜಾಗತಿಕ ಮಾದರಿಯೊಂದಕ್ಕೆ ಮಿಶ್ರಪೋಷಕರನ್ನು ಸೇರಿಸಿ ನೋಡಿದಾಗ ಆಳಕ್ಕೆ ಇಳಿಯುವ ಇಂಗಾಲ ಸುಮಾರು ಶೇ 35ರಷ್ಟು ಹೆಚ್ಚಾಯಿತು. ಮಾದರಿ ಹೇಳಿದ್ದೆಲ್ಲ ಕಡಲು ಕೇಳಬೇಕೆಂದಿಲ್ಲ. ಆದರೂ ಕಾಲಂ ತಪ್ಪಾದರೆ ಮೊತ್ತವೂ ತಪ್ಪುತ್ತದೆ ಎಂಬುದಕ್ಕೆ ಇಷ್ಟು ಸಾಕು.

ಧ್ರುವದಲ್ಲೇ ಏಕೆ

ನಮ್ಮ ಊರು ಭೂಮಧ್ಯರೇಖೆಯಿಂದ ಹದಿನೇಳು ಡಿಗ್ರಿ ಮೇಲಿದೆ. ಇಲ್ಲಿ ಚಳಿಗಾಲದ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆಯ ಆಸುಪಾಸು. ಬಿಸಿಲಿಗೆ ಕಲಬುರಗಿಯಲ್ಲಿ ಬರ ಬಂದದ್ದನ್ನು ಯಾರೂ ಕಂಡಿಲ್ಲ. ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಸಮೂಹದಲ್ಲಿ, 79 ಡಿಗ್ರಿ ಉತ್ತರದಲ್ಲಿ, ಭಾರತದ ಹಿಮಾದ್ರಿ ಕೇಂದ್ರವಿದೆ. ಅಲ್ಲಿ ಅಕ್ಟೋಬರ್ ಕೊನೆಗೆ ಮುಳುಗಿದ ಸೂರ್ಯ ಮತ್ತೆ ಮುಖ ತೋರಿಸುವುದು ಫೆಬ್ರುವರಿ ನಡುವಿನಲ್ಲಿ. ಹಾಗಾದರೆ ಆ ನಾಲ್ಕು ತಿಂಗಳು ಬಿಸಿಲುಣ್ಣುವ ಜೀವಿಗಳು ಏನು ಮಾಡುತ್ತವೆ? ಕೆಲವು ಗಟ್ಟಿ ಬೀಜದಂತಾಗಿ ತಳ ಸೇರುತ್ತವೆ, ಕೆಲವು ಬೇಸಿಗೆಯಲ್ಲಿ ಕೂಡಿಟ್ಟ ಕೊಬ್ಬನ್ನು ಹಗೇವಿನ ಜೋಳದಂತೆ ಹಿಡಿಹಿಡಿಯಾಗಿ ತೆಗೆದು ಉಣ್ಣುತ್ತವೆ. ಇನ್ನು ಕೆಲವು ಬ್ಯಾಕ್ಟೀರಿಯಾ ಹಿಡಿಯಲು ಹೊರಡುತ್ತವೆ ಎಂಬುದು ಅನುಮಾನ. ಎಷ್ಟು ಮಂದಿ, ಎಷ್ಟು ಹಿಡಿಯುತ್ತಾರೆ ಎಂಬುದೇ ಅವಳ ಹಾಳೆಯ ಪ್ರಶ್ನೆ.

ಇಲ್ಲಿ ಅವಳ ಅಪ್ಪ ಇನ್ನೊಂದು ಮಾತು ಸೇರಿಸಿದರು. ಒಳ್ಳೆಯ ಮಳೆಯಾದ ವರ್ಷವೂ ತಾಂಡಾದವರು ಗುಳೆ ತಪ್ಪಿಸುವುದಿಲ್ಲ. ಹೊಟ್ಟೆಗೆ ಜೋಳ ಇದ್ದರೂ ಕೈಯಲ್ಲಿ ರೊಕ್ಕ ಬೇಕಲ್ಲ. ಕಡಲಿನಲ್ಲೂ ಹಾಗೆಯೇ. ದಕ್ಷಿಣ ಸಾಗರದಲ್ಲಿ ನೈಟ್ರೇಟ್ ಧಾರಾಳವಾಗಿದೆ, ಬೇಸಿಗೆಯಲ್ಲಿ ಬೆಳಕಿಗೂ ಕೊರತೆಯಿಲ್ಲ, ಕಬ್ಬಿಣದ ಅಂಶ ಮಾತ್ರ ಕಾಸಿನಷ್ಟೂ ಇಲ್ಲ. ಬ್ಯಾಕ್ಟೀರಿಯಾದ ದೇಹದಲ್ಲಿ ಆ ಕಬ್ಬಿಣ ಇರುತ್ತದೆ. ಹೀಗಾಗಿ ಬಿಸಿಲಿರುವಾಗಲೂ ಪಾಚಿ ಬೇಟೆಗೆ ಇಳಿಯಲು ಕಾರಣವಿದೆ. ಬೇಟೆ ಶಕ್ತಿಗಾಗಿಯೋ, ಕಬ್ಬಿಣಕ್ಕಾಗಿಯೋ ಎಂದು ಬೇರ್ಪಡಿಸಿ ನೋಡಬೇಕಾಗುತ್ತದೆ.

ಕಬ್ಬಿಣದ ಮಾತು ಬಂದಾಗ 2009ರ ಲೋಹಾಫೆಕ್ಸ್ ನೆನಪಾಗುತ್ತದೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಮತ್ತು ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆ ಸೇರಿ ಪೋಲಾರ್‌ಸ್ಟರ್ನ್ ಹಡಗಿನಲ್ಲಿ ದಕ್ಷಿಣ ಅಟ್ಲಾಂಟಿಕ್‌ಗೆ ಹೋಗಿ, ಸುಮಾರು 300 ಚದರ ಕಿಲೋಮೀಟರ್ ಕಡಲಿಗೆ ಕಬ್ಬಿಣದ ಲವಣ ಬೆರೆಸಿದ ಪ್ರಯೋಗ ಅದು. ಪಾಚಿ ಸೊಂಪಾಗಿ ಬೆಳೆದು ಇಂಗಾಲವನ್ನು ಹೊತ್ತು ಆಳಕ್ಕೆ ಇಳಿಯಬಹುದು ಎಂಬ ನಿರೀಕ್ಷೆ ಇತ್ತು. ಆದರೆ ಆ ನೀರಿನಲ್ಲಿ ಸಿಲಿಕಾ ತೀರ ಕಡಿಮೆಯಿತ್ತು. ಡಯಾಟಮ್‌ಗಳು ಏಳಲಿಲ್ಲ. ಬೆಳೆದದ್ದು ಬಾಲವುಳ್ಳ ಸಣ್ಣ ಫ್ಲಾಜೆಲೇಟ್‌ಗಳು, ಅವನ್ನು ಮೇಯುವವರು ಮೇಲಿಂದ ಮೇಲೆ ಮೇದು ಮುಗಿಸಿದರು, ಆಳಕ್ಕೆ ಹೋದ ಇಂಗಾಲ ಅಷ್ಟಕ್ಕಷ್ಟೆ. ವಿಫಲವಾಯಿತು ಎಂದು ಅಂದು ಪತ್ರಿಕೆಗಳಲ್ಲಿ ಬಂತು. ನನಗೆ ಅದು ಅತ್ಯಂತ ಫಲ ಕೊಟ್ಟ ಯಾನಗಳಲ್ಲಿ ಒಂದಾಗಿ ಕಾಣುತ್ತದೆ. ಹಿಮಗಡಲಿನ ಲೆಕ್ಕವನ್ನು ಸಣ್ಣ ಫ್ಲಾಜೆಲೇಟ್‌ಗಳನ್ನು ಬಿಟ್ಟು ಬರೆಯಲಾಗದು ಎಂದು ಅದು ತೋರಿಸಿಕೊಟ್ಟಿತು.

ಈ ಸಣ್ಣವರ ಕಾಲ ಈಗ ಬಂದಂತಿದೆ. ಆರ್ಕ್‌ಟಿಕ್‌ನ ಕೆನಡಾ ಬೇಸಿನ್‌ನಲ್ಲಿ ಹಿಮ ಕರಗಿ ಮೇಲ್ಪದರ ಸಪ್ಪೆಯಾದಂತೆ ಅತಿ ಚಿಕ್ಕ ಪಾಚಿಗಳು ಹೆಚ್ಚಿ, ಅವಕ್ಕಿಂತ ದೊಡ್ಡವು ಕಡಿಮೆಯಾದದ್ದು 2009ರಲ್ಲೇ ವರದಿಯಾಯಿತು. ಅಂಟಾರ್ಕ್ಟಿಕಾದಲ್ಲಿ 2023ರ ಸೆಪ್ಟೆಂಬರ್‌ನಲ್ಲಿ, ಅಂದರೆ ಹಿಮ ಅತಿ ಹೆಚ್ಚು ಹರಡಬೇಕಾದ ಹೊತ್ತಿನಲ್ಲಿ, ಅದು ಸುಮಾರು 1.70 ಕೋಟಿ ಚದರ ಕಿಲೋಮೀಟರ್‌ಗೆ ನಿಂತಿತು. ಉಪಗ್ರಹಗಳು ಅಳೆಯಲು ಆರಂಭಿಸಿದ ಮೇಲೆ ಅಷ್ಟು ಕಡಿಮೆ ಹಿಮದ ಚಳಿಗಾಲ ಬಂದಿರಲಿಲ್ಲ.

ಕೆಂಪು ಬಟ್ಟಲಿನೊಳಗೆ ಒಂದು ಹಳದಿ ಚುಕ್ಕಿ

ಪಾಚಿ ಬ್ಯಾಕ್ಟೀರಿಯಾ ತಿಂದಿತು ಎಂದು ಕಂಡುಹಿಡಿಯುವುದು ಹೇಗೆ? ಅವಳು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು. ಕಪ್ಪು ಹಿನ್ನೆಲೆ, ಅದರಲ್ಲಿ ಕೆಂಡದಂತೆ ಕೆಂಪಾದ ಒಂದು ಬಟ್ಟಲು, ಬಟ್ಟಲಿನ ಬಾಯಲ್ಲಿ ಸಾಸಿವೆಗಿಂತ ಚಿಕ್ಕ ಹಳದಿ-ಹಸಿರು ಚುಕ್ಕಿ. ನೀಲಿ ಬೆಳಕು ಬಿಟ್ಟರೆ ಕ್ಲೋರೋಫಿಲ್ ಕೆಂಪಾಗಿ ಹೊಳೆಯುತ್ತದೆ. ಚುಕ್ಕಿ ಎಂದರೆ ಮೊದಲೇ ಬಣ್ಣ ಹಾಕಿ, ಬಿಸಿ ಮಾಡಿ ಸಾಯಿಸಿದ ಬ್ಯಾಕ್ಟೀರಿಯಾ. ಕಡಲ ನೀರಿನ ಬಾಟಲಿಗೆ ಇಂಥ ಬ್ಯಾಕ್ಟೀರಿಯಾವನ್ನು ಅಳತೆಯಲ್ಲಿ ಬೆರೆಸುತ್ತಾರೆ, ಇಷ್ಟಿಷ್ಟು ನಿಮಿಷಕ್ಕೊಮ್ಮೆ ಸ್ವಲ್ಪ ನೀರು ತೆಗೆದು, ರಾಸಾಯನಿಕ ಹಾಕಿ ಜೀವಿಗಳನ್ನು ಇದ್ದ ಸ್ಥಿತಿಯಲ್ಲೇ ನಿಲ್ಲಿಸಿ, ಸೋಸಿ, ಸೂಕ್ಷ್ಮದರ್ಶಕದ ಕೆಳಗೆ ಎಣಿಸುತ್ತಾರೆ. ಕೆಂಪಿನೊಳಗೆ ಹಳದಿ ಕಂಡರೆ ಅದು ಮಿಶ್ರಪೋಷಕ.

ಹೇಳಲು ಸುಲಭ. ಆದರೆ ಈ ವಿಧಾನ ಮೋಸ ಹೋಗುವ ದಾರಿಗಳು ಒಂದೆರಡಲ್ಲ. ಕೆಲವು ಜೀವಿಗಳು ರಾಸಾಯನಿಕ ಬಿದ್ದ ಕ್ಷಣ ಬೆದರಿ ನುಂಗಿದ್ದನ್ನೆಲ್ಲ ಕಾರಿಬಿಡುತ್ತವೆ. ಆಗ ತಿಂದವನೂ ಉಪವಾಸಿಯಾಗಿ ಕಾಣುತ್ತಾನೆ. ಕೆಲವಕ್ಕೆ ಸತ್ತ ಆಹಾರ ಸೇರದು. ಇನ್ನು ಕೆಲವು ಸಲ ಚುಕ್ಕಿ ಒಳಗೆ ಹೋಗಿರುವುದೇ ಇಲ್ಲ, ಮೈಗೆ ಅಂಟಿಕೊಂಡಿರುತ್ತದೆ. ಆರ್ಕ್‌ಟಿಕ್‌ನ ಮೈಕ್ರೋಮೊನಾಸ್ ಎಂಬ ಅತಿ ಸಣ್ಣ ಪಾಚಿ ಬ್ಯಾಕ್ಟೀರಿಯಾ ನುಂಗುತ್ತದೆ ಎಂದು 2014ರಲ್ಲಿ ವರದಿಯಾದಾಗ ದೊಡ್ಡ ಸುದ್ದಿಯಾಯಿತು. ಬಳಿಕ ಬೇರೆ ತಂಡಗಳು ಬೇರೆ ಬೇರೆ ವಿಧಾನಗಳಿಂದ ಮೈಕ್ರೋಮೊನಾಸ್‌ಗಳನ್ನು ಪರೀಕ್ಷಿಸಿದಾಗ ನುಂಗಿದ ಪುರಾವೆ ಸಿಗಲಿಲ್ಲ. ಆ ಜಗಳ ಇನ್ನೂ ಪೂರ್ತಿ ಮುಗಿದಿಲ್ಲ. ಆದ್ದರಿಂದ ಒಂದೇ ವಿಧಾನವನ್ನು ನಂಬಿ ಧ್ರುವದವರೆಗೆ ಹೋಗುವುದು ದಡ್ಡತನ. ಬಣ್ಣದ ಬ್ಯಾಕ್ಟೀರಿಯಾ ಜತೆಗೆ, ಭಾರದ ನೈಟ್ರೋಜನ್ (ಅದೇ ನೈಟ್ರೋಜನ್ನಿನ ತುಸು ಹೆಚ್ಚು ತೂಕದ ರೂಪ) ಉಣಿಸಿದ ಜೀವಂತ ಬ್ಯಾಕ್ಟೀರಿಯಾವನ್ನೂ ಬಿಟ್ಟು, ಆ ನೈಟ್ರೋಜನ್ ಕೊನೆಗೆ ಯಾರ ಮೈಯಲ್ಲಿ ಸಿಗುತ್ತದೆ ಎಂದು ಹುಡುಕುವುದು ಅವಳ ಎರಡನೆಯ ದಾರಿ. ಮೊದಲನೆಯದು ಬಾಯಿಗೆ ಹೋದದ್ದನ್ನು ತೋರಿಸಿದರೆ, ಎರಡನೆಯದು ಮೈಗೆ ಹತ್ತಿದ್ದನ್ನು ತೋರಿಸುತ್ತದೆ.

ತಣ್ಣೀರು ಇನ್ನೊಂದು ಪೀಡೆ. ಧ್ರುವದ ಕಡಲು ಮೈನಸ್ 1.8 ಡಿಗ್ರಿಯವರೆಗೂ ಹೆಪ್ಪುಗಟ್ಟದೆ ದ್ರವವಾಗಿಯೇ ಇರುತ್ತದೆ. ಅಷ್ಟು ಥಂಡಿಯಲ್ಲಿ ತಿನ್ನುವುದೂ ನಿಧಾನ, ಅರಗುವುದೂ ನಿಧಾನ. ನಲವತ್ತು ನಿಮಿಷದಲ್ಲಿ ಮುಗಿಯುವ ಪ್ರಯೋಗವನ್ನು ಗಂಟೆಗಟ್ಟಲೆ ಎಳೆಯಬೇಕಾಗುತ್ತದೆ. ಅಷ್ಟು ಹೊತ್ತಿನಲ್ಲಿ ಬಾಟಲಿ ಎರಡು ಡಿಗ್ರಿ ಬೆಚ್ಚಗಾದರೂ ಅಳೆದದ್ದು ಕಡಲಿನ ಹಸಿವನ್ನಲ್ಲ, ಪ್ರಯೋಗಾಲಯದ ಹಸಿವನ್ನು.

ಕೊಡಗಳ ಸರದಿ

ಹಾಳೆಯ ಎಡಭಾಗದಲ್ಲಿ ಲೀಟರ್‌ಗಳ ಲೆಕ್ಕವಿತ್ತು. ಅದನ್ನು ಓದುವಾಗ ನನಗೆ ಏಪ್ರಿಲ್ ತಿಂಗಳಲ್ಲಿ ನಮ್ಮ ಬಡಾವಣೆಗೆ ಟ್ಯಾಂಕರ್ ಬಂದ ದೃಶ್ಯವೇ ಕಣ್ಣಮುಂದೆ ಬಂತು. ಸಂಶೋಧನಾ ಹಡಗಿನಲ್ಲಿ ನೀರು ಎತ್ತುವುದು ಒಂದು ದೊಡ್ಡ ಚೌಕಟ್ಟಿನಿಂದ. ಅದರ ಸುತ್ತ ವೃತ್ತಾಕಾರವಾಗಿ 24 ಉದ್ದ ಬಾಟಲಿಗಳು, ಒಂದೊಂದಕ್ಕೆ 10ರಿಂದ 12 ಲೀಟರ್. ತಂತಿಯಲ್ಲಿ ಕೆಳಗಿಳಿಸಿ, ಬೇಕಾದ ಆಳದಲ್ಲಿ ಒಂದೊಂದರ ಬಾಯಿ ಮುಚ್ಚಿ ಮೇಲೆತ್ತುತ್ತಾರೆ. ಚೌಕಟ್ಟು ಡೆಕ್ಕಿಗೆ ಬಂದು ಕೂತ ಕೂಡಲೇ ಸರದಿ. ಕರಗಿದ ಆಮ್ಲಜನಕ ಅಳೆಯುವವರಿಗೆ ಮೊದಲ ಹಕ್ಕು, ಗಾಳಿ ತಾಗಿದರೆ ಅವರ ಕೆಲಸ ಕೆಟ್ಟಿತು. ಆಮೇಲೆ ಪೋಷಕಾಂಶದವರು, ಲವಣದವರು, ಡಿಎನ್‌ಎಯವರು. ಎಲ್ಲರ ಕೈಯಲ್ಲೂ ಕೊಡ.

ಅವಳ ಲೆಕ್ಕ ಹೀಗಿತ್ತು. ಬೆಳಕು, ಮಬ್ಬು, ಕತ್ತಲೆ ಎಂದು ಮೂರು ಸ್ಥಿತಿ. ಪ್ರತಿಯೊಂದಕ್ಕೂ ಮೂರು ಬಾಟಲಿ. ಬಾಟಲಿಗೆ ಎರಡು ಲೀಟರ್. ಅಲ್ಲಿಗೆ 18 ಲೀಟರ್. ಎರಡು ಆಳದಿಂದ ತೆಗೆದರೆ 36. ಎರಡನೆಯ ವಿಧಾನಕ್ಕೆ ಮತ್ತೆ ಅಷ್ಟೇ. ಹೋಲಿಕೆಗೆ ಇಟ್ಟುಕೊಳ್ಳುವ ಬಾಟಲಿಗಳು ಬೇರೆ. ಒಂದು ತಾಣದಲ್ಲಿ ಒಬ್ಬಳಿಗೇ ಎಂಬತ್ತು ಲೀಟರ್ ಎಂದರೆ ಉಳಿದವರು ಸುಮ್ಮನಿರುತ್ತಾರೆಯೇ? ಅದಕ್ಕೇ ಯಾನದ ಮೊದಲೇ ಗೋವಾದಲ್ಲೋ ಕೊಚ್ಚಿಯಲ್ಲೋ ಕುಳಿತು ಲೀಟರ್ ಲೀಟರ್‌ಗೆ ಚೌಕಾಸಿ ಮಾಡಿ ಪಟ್ಟಿ ಬರೆದುಕೊಳ್ಳುತ್ತಾರೆ. ಕಡಲಿನ ಮೇಲೆ ನಿಂತು ನೀರಿಗಾಗಿ ಜಗಳವಾಡುವುದು ವಿಚಿತ್ರ ಎನ್ನಿಸಬಹುದು, ನಮ್ಮ ಕಡೆಯವರಿಗೆ ಮಾತ್ರ ಅಭ್ಯಾಸದ ಮಾತು.

ಅನುಮತಿಯ ಕಾಗದಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. 1991ರ ಮ್ಯಾಡ್ರಿಡ್ ಒಡಂಬಡಿಕೆಯ ಪ್ರಕಾರ ಅಂಟಾರ್ಕ್ಟಿಕಾದಲ್ಲಿ ಏನು ಮಾಡುವುದಿದ್ದರೂ ಪರಿಸರದ ಮೇಲಾಗುವ ಪರಿಣಾಮವನ್ನು ಮೊದಲೇ ತೂಗಿ ನೋಡಬೇಕು. 2022ರ ಭಾರತೀಯ ಅಂಟಾರ್ಕ್ಟಿಕ್ ಕಾಯ್ದೆ ಬಂದ ಮೇಲೆ ನಮ್ಮವರಿಗೆ ನಮ್ಮದೇ ಕಾನೂನಿನ ಅನುಮತಿಯೂ ಬೇಕು. ವೈದ್ಯಕೀಯ ತಪಾಸಣೆ ಇದೆ, ಖಂಡದ ಮೇಲೆ ಇಳಿಯುವವರಿಗೆ ಉತ್ತರಾಖಂಡದ ಔಲಿಯಲ್ಲಿ ಹಿಮದ ತರಬೇತಿಯೂ ಇದೆ.

ಹಡಗಿನದು ಬೇರೆಯೇ ಕಥೆ. 1981ರ ಡಿಸೆಂಬರ್‌ನಲ್ಲಿ ಎಸ್.ಝಡ್. ಖಾಸಿಂ ಅವರ ನಾಯಕತ್ವದಲ್ಲಿ ಗೋವಾದಿಂದ ಹೊರಟ ಮೊದಲ ಭಾರತೀಯ ಅಂಟಾರ್ಕ್ಟಿಕ್ ಯಾನ ಹೋದದ್ದು ‘ಪೋಲಾರ್ ಸರ್ಕಲ್’ ಎಂಬ ಬಾಡಿಗೆ ಹಡಗಿನಲ್ಲಿ. ನಾಲ್ಕು ದಶಕ ದಾಟಿದೆ, ಈಗಲೂ ಬಾಡಿಗೆಯೇ. ಮಧ್ಯೆ ದಕ್ಷಿಣ ಗಂಗೋತ್ರಿ, ಮೈತ್ರಿ, ಭಾರತಿ ಎಂದು ಮೂರು ನೆಲೆಗಳು ಎದ್ದವು. 1983-84ರ ಮೂರನೆಯ ಯಾನದಲ್ಲಿ ಭೂವಿಜ್ಞಾನಿ ಸುದೀಪ್ತಾ ಸೇನ್‌ಗುಪ್ತಾ ಜತೆ ಹೋದ ಅದಿತಿ ಪಂತ್ ಅಲ್ಲಿ ಕಡಲ ಜೀವಿಗಳ ಆಹಾರ ಸರಪಳಿಯನ್ನೇ ಅಧ್ಯಯನ ಮಾಡಿದವರು. ಹುಟ್ಟೂರು ನಾಗಪುರ, ನಮ್ಮ ಹಾಗೆಯೇ ಕಡಲು ಕಾಣದ ಊರು. ಸ್ವಂತ ಧ್ರುವ ಸಂಶೋಧನಾ ಹಡಗಿಗೆ ಕೇಂದ್ರ ಸಂಪುಟ 2014ರಲ್ಲಿ ಸಾವಿರ ಕೋಟಿ ರೂಪಾಯಿಗೂ ಮಿಕ್ಕ ವೆಚ್ಚಕ್ಕೆ ಒಪ್ಪಿತ್ತು. ಹಡಗು ಬರಲಿಲ್ಲ. 2025ರ ಜೂನ್‌ನಲ್ಲಿ ಕೋಲ್ಕತ್ತಾದ ಗಾರ್ಡನ್ ರೀಚ್ ಹಡಗುಕಟ್ಟೆ ನಾರ್ವೆಯ ಕಾಂಗ್ಸ್‌ಬರ್ಗ್ ಕಂಪನಿಯ ಜತೆ ಇಂಥ ಹಡಗಿನ ವಿನ್ಯಾಸ, ನಿರ್ಮಾಣಕ್ಕಾಗಿ ಒಡಂಬಡಿಕೆಗೆ ಸಹಿ ಹಾಕಿತು. ಆದ್ದರಿಂದ ಈ ಮಾತುಗಳನ್ನೆಲ್ಲ ಆಡಲು ಇದು ತಕ್ಕ ಹೊತ್ತು. ಉಕ್ಕು ಕತ್ತರಿಸಿದ ಮೇಲೆ ಆಡಿ ಪ್ರಯೋಜನವಿಲ್ಲ.

ಬಾಡಿಗೆ ಹಡಗಿನ ಕ್ಯಾಲೆಂಡರ್

ಬಾಡಿಗೆ ಹಡಗು ದಕ್ಷಿಣಕ್ಕೆ ಹೋಗುವುದು ಅಲ್ಲಿನ ಬೇಸಿಗೆಯಲ್ಲಿ. ಮುಖ್ಯ ಕೆಲಸ ನೆಲೆಗಳಿಗೆ ಇಂಧನ, ದಿನಸಿ, ಜನರನ್ನು ಮುಟ್ಟಿಸುವುದು. ಕಡಲು ಮತ್ತೆ ಹೆಪ್ಪುಗಟ್ಟುವ ಮೊದಲು ಅದು ಹೊರಬರಲೇಬೇಕು. ಅವಳು ‘ಜನವರಿ’ ಎಂದು ಬರೆದದ್ದು ಅದಕ್ಕೇ. ಹೊಡೆದುಹಾಕಿದ್ದು ಏಕೆಂದರೆ ಜನವರಿಯಲ್ಲಿ ಅಲ್ಲಿ ಇಪ್ಪತ್ನಾಲ್ಕು ಗಂಟೆ ಬೆಳಕು. ಆಗ ಹೋಗಿ ಬಾಟಲಿ ಇಳಿಸಿದರೆ ಪಾಚಿಗಳು ಗಿಡಗಳಂತೆ ನಡೆದುಕೊಳ್ಳುವುದೇ ಹೆಚ್ಚಾಗಿ ಕಾಣುತ್ತದೆ. ಜುಲೈನಲ್ಲಿ ತಾಂಡಾಕ್ಕೆ ಬಂದ ಎಣಿಕೆದಾರನ ಪಾಡು. ನಾವು ದಶಕಗಳಿಂದ ಕೂಡಿಟ್ಟಿರುವ ಧ್ರುವದ ಮಾಹಿತಿಯಲ್ಲಿ ಹೆಚ್ಚಿನ ಪಾಲು ಇಂಥ ಬೇಸಿಗೆಯದು.

ಚಳಿಗಾಲದಲ್ಲಿ ಹೋಗುವವರು ಇಲ್ಲವೆಂದಲ್ಲ. ಪೋಲಾರ್‌ಸ್ಟರ್ನ್ 2019ರ ಸೆಪ್ಟೆಂಬರ್‌ನಿಂದ 2020ರ ಅಕ್ಟೋಬರ್‌ವರೆಗೆ ಆರ್ಕ್‌ಟಿಕ್ ಹಿಮದಲ್ಲಿ ತನ್ನನ್ನು ತಾನೇ ಸಿಕ್ಕಿಸಿಕೊಂಡು ವರ್ಷದ ಚಕ್ರವನ್ನೇ ದಾಖಲಿಸಿತು. ದಕ್ಷಿಣ ಆಫ್ರಿಕಾದ ‘ಎಸ್.ಎ. ಅಗುಲ್ಹಾಸ್ 2’ ಹಡಗು 2019ರಲ್ಲಿ ಅಂಟಾರ್ಕ್ಟಿಕ್ ಹಿಮದಂಚಿಗೆ ಚಳಿಗಾಲದಲ್ಲೊಮ್ಮೆ, ವಸಂತದಲ್ಲೊಮ್ಮೆ ಹೋಗಿಬಂತು. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಚಳಿಗಾಲದಲ್ಲಿ ದಕ್ಷಿಣದ ಹಿಮ 60 ಡಿಗ್ರಿಯ ಆಸುಪಾಸಿನವರೆಗೂ ಚಾಚಿಕೊಳ್ಳುತ್ತದೆ, ಹಡಗು ಅದರಾಚೆ ನುಗ್ಗುವುದು ಕಷ್ಟ. ಆ ಅಂಚಿನಲ್ಲಿ ಸೂರ್ಯ ಪೂರ್ತಿ ಮರೆಯಾಗುವುದಿಲ್ಲ, ದಿನಕ್ಕೆ ಕೆಲವು ಗಂಟೆ ತಗ್ಗಿನಲ್ಲಿ ಬಂದು ಹೋಗುತ್ತಾನೆ. ಅಂದರೆ ಬೇಕಾದಷ್ಟು ದುಡ್ಡು ಸುರಿದು ದಕ್ಷಿಣದ ಚಳಿಗಾಲಕ್ಕೆ ಹೋದರೂ ಸಿಗುವುದು ಮಬ್ಬು, ಕಗ್ಗತ್ತಲೆಯಲ್ಲ.

ಕಗ್ಗತ್ತಲೆ ಬೇಕೆಂದರೆ ಹಿಮಾದ್ರಿ ಇದೆ. 2008ರಿಂದ ಇದ್ದರೂ ನಾವು ಅಲ್ಲಿಗೂ ಬಹುತೇಕ ಬೇಸಿಗೆಯಲ್ಲೇ ಹೋಗುತ್ತಿದ್ದೆವು. ಮೊದಲ ಚಳಿಗಾಲದ ತಂಡ ಹೊರಟದ್ದು 2023ರ ಡಿಸೆಂಬರ್‌ನಲ್ಲಿ. ಅದರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು. ಪಕ್ಕದ ಕಾಂಗ್ಸ್‌ಫ್ಯೋರ್ಡ್ ಎಂಬ ಕಡಲಚಾಚು ಇತ್ತೀಚಿನ ವರ್ಷಗಳಲ್ಲಿ ಜನವರಿಯಲ್ಲೂ ಬಹುಪಾಲು ಹೆಪ್ಪುಗಟ್ಟುವುದಿಲ್ಲ, ಅಟ್ಲಾಂಟಿಕ್‌ನ ಬೆಚ್ಚನೆಯ ನೀರು ಒಳಬರುತ್ತದೆ. ಹಿಮ ಒಡೆಯುವ ಹಡಗು ಬೇಡ, ದೋಣಿ ಸಾಕು. ದಡದಲ್ಲೇ ಕಡಲ ಪ್ರಯೋಗಾಲಯವಿದೆ. ನಾರ್ವೆಯವರು ಅಲ್ಲಿನ ನಟ್ಟಿರುಳಿನಲ್ಲಿ ಪಾಚಿಗಳನ್ನು ಹಿಡಿದು ತಂದು ಬೆಳಕು ತೋರಿಸಿದಾಗ ಅವು ಬೇಗನೆ ದ್ಯುತಿಸಂಶ್ಲೇಷಣೆ ಶುರುಮಾಡಿದವು ಎಂದು ಬರೆದಿದ್ದಾರೆ. ಸಾಮಾನು ಕಟ್ಟಿಟ್ಟು ಮಲಗಿದವರಲ್ಲ, ಒಲೆಯ ಮುಂದೆ ಕೂತು ಕಾಯುತ್ತಿದ್ದವರು. ಕಾಯುವಾಗ ಏನು ತಿನ್ನುತ್ತಿದ್ದರು ಎಂಬುದನ್ನು ಹೋಗಿ ನೋಡಬೇಕಾಗಿದೆ.

ದಕ್ಷಿಣದಲ್ಲೂ ಹಡಗಿಲ್ಲದೆ ಆಗುವ ಕೆಲಸವಿದೆ. ಅಂಟಾರ್ಕ್ಟಿಕಾದ ವೆಸ್ಟ್‌ಫೋಲ್ಡ್ ಬೆಟ್ಟಗಳ ಕೆರೆಗಳಲ್ಲಿ ಪಿರಮಿಮೊನಾಸ್ ಬ್ಯಾಕ್ಟೀರಿಯಾ ನುಂಗುವುದನ್ನು ಆಸ್ಟ್ರೇಲಿಯಾದ ನೆಲೆಯಲ್ಲಿದ್ದುಕೊಂಡೇ ಕಂಡುಹಿಡಿದರು. ನಮ್ಮ ಮೈತ್ರಿಯ ಎದುರಿಗೂ ಪ್ರಿಯದರ್ಶಿನಿ ಎಂಬ ಕೆರೆಯಿದೆ, ಚಳಿಗಾಲ ಕಳೆಯುವ ತಂಡ ಪ್ರತಿ ವರ್ಷ ಅಲ್ಲೇ ಇರುತ್ತದೆ. ಒಂದು ಸೂಕ್ಷ್ಮದರ್ಶಕ, ಒಂದಿಷ್ಟು ಬಣ್ಣ, ಹಿಮ ಕೊರೆಯುವ ಡ್ರಿಲ್. ಕೆರೆ ಕಡಲಲ್ಲ, ಒಪ್ಪುತ್ತೇನೆ. ಆದರೆ ಕೋಟ್ಯಂತರ ರೂಪಾಯಿಯ ಯಾನಕ್ಕೆ ಮೊದಲು ಕೈ ಪಳಗಿಸಿಕೊಳ್ಳಲು ಅದಕ್ಕಿಂತ ಅಗ್ಗದ ಜಾಗ ನನಗಂತೂ ಕಾಣುವುದಿಲ್ಲ.

ಇನ್ನು ಬರಲಿರುವ ಹಡಗು. ಅದಕ್ಕೆ ಎಷ್ಟು ಮೀಟರ್ ಹಿಮ ಒಡೆಯುವ ಶಕ್ತಿ ಎಂಬುದರ ಬಗ್ಗೆ ಚರ್ಚೆ ನಡೆಯುತ್ತದೆ, ನಡೆಯಲಿ. ಮಿಶ್ರಪೋಷಕರ ಕಡೆಯಿಂದ ನೋಡಿದರೆ ಬೇಕಾದವು ಸಣ್ಣ ಸಂಗತಿಗಳು. ಮೈನಸ್ ಒಂದೂವರೆ ಡಿಗ್ರಿಯಲ್ಲಿ ಅಲ್ಲಾಡದೆ ನಿಲ್ಲುವ ಥಂಡಿ ಕೋಣೆ, ಅದರಲ್ಲಿ ಪೂರ್ತಿ ಕತ್ತಲೆ. ಡೆಕ್ಕಿನ ಮೇಲಿನ ತೆರೆದ ತೊಟ್ಟಿಗಳಲ್ಲಿ ಬಾಟಲಿ ಇಡುವ ರೂಢಿ ಬೇಸಿಗೆಗೆ ಸರಿ, ಚಳಿಗಾಲದಲ್ಲಿ ತೊಟ್ಟಿಯೇ ಗಡ್ಡೆಯಾಗುತ್ತದೆ. ಹಡಗಿನ ನಡುವೆ ನೀರಿಗೆ ತೆರೆದುಕೊಳ್ಳುವ ಬಾವಿ ಇದ್ದರೆ ಹಿಮದ ನಡುವೆಯೂ ಚೌಕಟ್ಟು ಇಳಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ ದೀಪ ಆರಿಸುವ ವ್ಯವಸ್ಥೆ. ಧ್ರುವರಾತ್ರಿಯಲ್ಲಿ ಹಡಗಿನ ಮಾಮೂಲಿ ದೀಪಗಳಿಗೆ ಮೀನು, ಪ್ರಾಣಿಪ್ಲವಕಗಳು 200 ಮೀಟರ್ ಆಳದವರೆಗೂ ನಡವಳಿಕೆ ಬದಲಿಸುತ್ತವೆ ಎಂದು 2020ರ ಅಧ್ಯಯನವೊಂದು ತೋರಿಸಿದೆ. ಕತ್ತಲೆಯನ್ನು ನೋಡಲು ಹೋದವರು ದೀಪಾವಳಿ ಮಾಡಿಕೊಂಡು ಹೋದರೆ ಅಳೆಯುವುದೇನು?

ಈ ಮಾತುಗಳ ನಡುವೆ ಹೊತ್ತು ಇಳಿದಿತ್ತು. ಅವಳು ಪೆನ್ಸಿಲ್ ತೆಗೆದು, ಹೊಡೆದುಹಾಕಿದ್ದ ‘ಮಾರ್ಚ್’ ಪಕ್ಕದಲ್ಲಿ ಮತ್ತೆ ‘ಮಾರ್ಚ್’ ಎಂದೇ ಬರೆದಳು. ಬೆಳಕು ದಿನದಿನಕ್ಕೂ ಕುಗ್ಗುವ ತಿಂಗಳು ಅದು. ಗಿಡ ಬೇಟೆಗಾರನಾಗುವುದು ಕಾಣುವುದಿದ್ದರೆ ಆಗಲೇ ಕಾಣಬೇಕು. ಹಡಗು ಅಷ್ಟು ದಿನ ಅಲ್ಲಿ ನಿಲ್ಲಲು ಒಪ್ಪುತ್ತದೆಯೇ ಎಂಬುದು ಅವಳ ಕೈಯಲ್ಲಿಲ್ಲ. ಅದರ ಕೆಳಗೆ ಸಣ್ಣಕ್ಷರದಲ್ಲಿ ‘ಜನವರಿ, ಹಿಮಾದ್ರಿ’ ಎಂದು ಸೇರಿಸಿದಳು.

ಅವ್ವ ಪಾತ್ರೆ ತುಂಬುತ್ತಾ, ಅಲ್ಲಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ಯಲು ಬಿಡುತ್ತಾರೆಯೇ ಎಂದು ಕೇಳಿದರು. ಹಿಂಡಿಗೆ ಅಡ್ಡಿಯಿರಲಾರದು, ಪುಡಿಯಾದದ್ದು ಮೊಳೆಯುವುದಿಲ್ಲವಲ್ಲ ಎಂದಳು. ಮೊಳೆಯುವ ಬೀಜ, ಮಣ್ಣು ಮಾತ್ರ ಒಂದು ಚೂರೂ ಹೋಗುವಂತಿಲ್ಲ; ಅಂಟಾರ್ಕ್ಟಿಕಾದಲ್ಲಿ ಇಳಿಯುವ ಮುನ್ನ ಬೂಟಿನ ಅಡಿ, ಜೇಬಿನ ಮೂಲೆ, ವೆಲ್ಕ್ರೋ ಅಂಟುಪಟ್ಟಿಯ ಎಳೆಗಳನ್ನೂ ಬಿಡದೆ ಶುಚಿ ಮಾಡಬೇಕು. ಹೇಳುತ್ತಲೇ ತನ್ನ ಪ್ಯಾಂಟಿನ ಅಂಚು ನೋಡಿಕೊಂಡಳು. ಬದುವಿನ ಮೇಲೆ ನಡೆದು ಬಂದಿದ್ದಕ್ಕೆ ಮೊಣಕಾಲಿನವರೆಗೂ ಉತ್ತರಾಣಿ ಮುಳ್ಳು ಮೆತ್ತಿಕೊಂಡಿತ್ತು. ಕಂಬಳಿಯ ಮೇಲೆ ಕೂತು ಒಂದೊಂದಾಗಿ ಕಿತ್ತು, ಎಣಿಸುತ್ತಾ, ಹೊಲದ ಕಡೆಗೆ ಎಸೆಯತೊಡಗಿದಳು.